ಕರೆಂಟ್ ಹೋದ ಮೇಲಿನ ಸ್ವಾಮಿ

ಸ್ವಾಮಿ ಬೆಂಚಿನ ಕೆಳಗೆ ಹೊಕ್ಕು ಮುದುಡಿಕೊಂಡಿದ್ದ. ಅಷ್ಟರಲ್ಲಿ ಕರೆಂಟ್ ಹೋಯಿತು.

1980ರ ದಶಕದ ಕೊನೆಯ ಒಂದು ಚಳಿಗಾಲ. ಸಿಂದಗಿ ತಾಲ್ಲೂಕಿನ ನಮ್ಮೂರ ಓಣಿಗೆಲ್ಲ ಇದ್ದದ್ದು ಒಂದೇ ಟಿವಿ, ಗೌಡರ ಪಡಸಾಲೆಯಲ್ಲಿ. ಮಾಳಿಗೆ ಮೇಲೆ ಉದ್ದನೆಯ ಬಿದಿರಿಗೆ ಕಟ್ಟಿದ ಆಂಟೆನಾ. ಗಾಳಿ ಬಿಟ್ಟರೆ ಯಾರಾದರೂ ಏಣಿ ಹತ್ತಬೇಕು. ‘ಬಂತೇನೋ?’ ‘ಇಲ್ಲ, ಇನ್ನೊಂದೀಟ ತಿರುವು!’ ಎಷ್ಟು ತಿರುವಿದರೂ ಪರದೆ ತುಂಬ ಚುಕ್ಕಿಗಳು. ಆ ಚುಕ್ಕಿಗಳ ನಡುವೆಯೇ ನಾವು ‘ಮಾಲ್ಗುಡಿ ಡೇಸ್’ ನೋಡಿದ್ದು. ಆಗುಂಬೆಯಲ್ಲಿ ಶಂಕರ್ ನಾಗ್ ಕಟ್ಟಿದ ಊರು ಅದು. ಹೆಂಚಿನ ಮನೆ, ಹಸಿರು. ಎರೆಹೊಲದ ನಮಗೆ ಅದೇ ಒಂದು ಬೆರಗು.

ಮಾತೆಲ್ಲ ಹಿಂದಿ. ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಆದರೆ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥನ ಮುಖ ಪೂರಾ ತಿಳಿಯುತ್ತಿತ್ತು. ಅಪ್ಪನಾಗಿದ್ದ ಗಿರೀಶ ಕಾರ್ನಾಡರು ಕಣ್ಣೆತ್ತಿ ನೋಡಿದರೆ ಸಾಕು, ಆ ಹುಡುಗ ಉಗುಳು ನುಂಗುವುದರೊಳಗೆ ನಾವೂ ನುಂಗಿರುತ್ತಿದ್ದೆವು. ಅವತ್ತು ಅಪ್ಪ ಅವನಿಗೆ ಸವಾಲು ಹಾಕಿದ್ದರು: ಧೈರ್ಯ ಇದ್ದರೆ ಇವತ್ತು ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು. ದಿನಾ ಅಜ್ಜಿಯ ಮಗ್ಗುಲಲ್ಲಿ ಮಲಗುವ ಹುಡುಗ ಅವನು.

ಕತೆ ತಿಳಿಯದೆ ಮನೆಗೆ ಹೋಗಲು ಯಾರೂ ಒಲ್ಲರು. ಗೌಡರ ಮನೆಯ ಆಯಿ ಅಂಗಳದಲ್ಲಿ ತೊಗರಿಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿದಳು. ಆಗ ನಿವೃತ್ತ ಮಾಸ್ತರರೊಬ್ಬರು, ‘ಬರ್ರಿ, ನಾ ಹೇಳ್ತೀನಿ’ ಅಂದರು. ಅವರು ಆರ್.ಕೆ. ನಾರಾಯಣರ ಆ ಕತೆಯನ್ನು ಇಂಗ್ಲಿಷಿನಲ್ಲಿ ಓದಿದ್ದರು.

‘ಕತ್ತಲಾಗ ಒಬ್ಬಾಂವ ಬಂದ. ಸ್ವಾಮಿ ಏನ ತಿಳಕೊಂಡ? ದೆವ್ವನ ಬಂತು, ನನ್ನ ಎಳಕೊಂಡ ಹೋಗತೈತಿ ಅಂತ. ಇನ್ನೇನ ಮಾಡಬೇಕು ಕೂಸು? ಗಪ್ಪನ ಕಾಲ ಹಿಡದು—’ ಮಾಸ್ತರರು ಅಂಗಿಯ ತೋಳು ಏರಿಸಿ ತಮ್ಮ ಮುಂಗೈಯನ್ನೇ ಕಚ್ಚಿದರು. ಬೆಂಕಿಯ ಬೆಳಕಿಗೆ ಹಿಡಿದು ಹಲ್ಲಿನ ಗುರುತು ತೋರಿಸಿದರು. ಒಬ್ಬೊಬ್ಬರಾಗಿ ಎಲ್ಲರೂ ಮುಟ್ಟಿ ನೋಡಿದೆವು. ಬಂದವನು ದೆವ್ವವಲ್ಲ, ಕಳ್ಳ. ಸಿಕ್ಕಿಬಿದ್ದ. ಊರೆಲ್ಲ ಸ್ವಾಮಿಯನ್ನು ಹೊಗಳಿತು.

‘ಮರುದಿನ ಎಲ್ಲಿ ಮಲಗಿದನ್ರೀ?’ ಅಂತ ಕೇಳಿದೆ.

‘ಮತ್ತೆಲ್ಲಿ? ಅಜ್ಜಿ ಮಗ್ಗಲಕ್ಕ.’

ನಮ್ಮ ಮನೆಯ ಆಯಿಯ ಕೌದಿ ಬಿಟ್ಟು ಮಲಗದ ನನಗೆ ಆ ಮಾತು ಕೇಳಿ ಜೀವ ತಣ್ಣಗಾಯಿತು.

ಮಾಸ್ತರರು ಅಲ್ಲಿಗೇ ಬಿಡಲಿಲ್ಲ. ಬೆಂಗಳೂರಿಗಿಂತ ಮೊದಲು ಟಿವಿ ಬಂದದ್ದು ನಮ್ಮ ಕಡೆಗೇ ಅಂದರು. ನಿಜವೇ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೋ ‘ಸೈಟ್’ ಪ್ರಯೋಗ ನಡೆಸಿತ್ತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಮುಂಜಾನೆ ಶಾಲೆಯ ಹೊತ್ತಿಗೆ ಮಕ್ಕಳ ಕಾರ್ಯಕ್ರಮ ಕನ್ನಡದಲ್ಲೇ ಬರುತ್ತಿತ್ತು. ಕರಾರು ಮುಗಿಯಿತು, ಉಪಗ್ರಹ ಬೇರೆ ಕಡೆ ಸರಿಯಿತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಹತ್ತು-ಹನ್ನೆರಡು ವರ್ಷದ ಮೇಲೆ ನಮ್ಮ ಪಾಲಿಗೆ ಬಂದ ಸ್ವಾಮಿ, ಕನ್ನಡದ ಹುಡುಗ, ಕನ್ನಡದ ನೆಲದಲ್ಲಿ ನಿಂತು ಹಿಂದಿ ಆಡುತ್ತಿದ್ದ. ನನಗೆ ಇಂದಿಗೂ ಅದು ನೋವಿನ ಸಂಗತಿ. ಅವನ ಬಾಯಲ್ಲಿ ನಮ್ಮ ಮಾತು ಹಾಕಿದವರು ಆ ಮಾಸ್ತರರೇ.

ಇಂಡಿಯಲ್ಲಿ ಸೋದರಮಾವನ ಮನೆಗೆ ಹೋದಾಗ ವಿಡಿಯೊದಲ್ಲಿ ‘ಅಗ್ನಿಪಥ್’ ಹಾಕಿದ್ದರು. 1990ರ ಸಿನಿಮಾ. ಅಮಿತಾಭ್ ಬಚ್ಚನ್‌ರ ಪಾತ್ರದ ಬಾಲ್ಯ ಬಂದೊಡನೆ ಹುಡುಗರೆಲ್ಲ ‘ಏ, ಸ್ವಾಮಿ!’ ಅಂದೆವು. ಬೆಂಚಿನ ಕೆಳಗೆ ನಡುಗಿದ್ದ ಅದೇ ಮುಖದಲ್ಲಿ ಈಗ ಕಿಚ್ಚು. ಅದೇ ವರ್ಷ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ರಸ್ತೆ ಅಪಘಾತದಲ್ಲಿ ಹೋದರು. ಮಂಜುನಾಥ್ ಮುಂದೆ 19ರ ಹರೆಯದಲ್ಲಿ ಓದಿಗೆಂದು ನಟನೆ ಬಿಟ್ಟರು. ಬೆಂಗಳೂರಿನಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸ ಹಿಡಿದರು. ಮೂರು ವರ್ಷದ ಕೂಸಾಗಿದ್ದಾಗಲೇ ಕ್ಯಾಮೆರಾ ಮುಂದೆ ನಿಂತವರು. ಬಾಲನಟರನ್ನು ಬೆಳೆಯಗೊಡದ ಜನ ನಾವು. ಅವರು ಯಾರನ್ನೂ ಕಾಯದೆ ಬೆಳೆದರು. ಆ ನಿರ್ಧಾರದ ಬಗ್ಗೆ ನನಗೆ ಅಪಾರ ಗೌರವ.

2020ರ ಲಾಕ್‌ಡೌನ್‌ನಲ್ಲಿ ‘ಮಾಲ್ಗುಡಿ ಡೇಸ್’ ಕನ್ನಡಕ್ಕೆ ಡಬ್ ಆಗಿ ಜೀ ಕನ್ನಡದಲ್ಲಿ ಬಂತು. ಅಕ್ಕನ ಮಕ್ಕಳು ಒಂದೂ ಮಾತು ಬಿಡದೆ ತಿಳಿದು ನಗುತ್ತಿದ್ದರು. ಸಣ್ಣವಳು ಕೇಳಿದಳು:

‘ಮಾಮಾ, ಈ ಹುಡುಗ ಈಗ ಎಷ್ಟ ದೊಡ್ಡಾಂವ ಆಗ್ಯಾನ?’

‘ನನ್ನ ವಾರಿಗಿಯವ್ರವಾ ಅವ್ರು’ ಅಂದೆ.