ನೆತ್ತ, ಇಸ್ಪೀಟು ಮತ್ತು ಪಣವೊಡ್ಡದಿರುವ ಸರದಿ

ಕಳೆದ ಚಾತುರ್ಮಾಸದಲ್ಲಿ ಮರ್ಫಿ ಟೌನಿನ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗ ಶನಿವಾರಗಳಂದು ಗೆಳೆಯರೊಡನೆ ಹಣವಿಟ್ಟು ಪೋಕರ್ ಆಡುತ್ತಾನೆ. "ಅಣ್ಣಾ, ಊರಿಗೆಲ್ಲ ಸಪ್ತವ್ಯಸನಗಳ ಉಪನ್ಯಾಸ ಕೊಡುತ್ತೀಯಲ್ಲ, ಇವನಿಗೂ ಒಂದು ಮಾತು ಹೇಳು" ಎಂದಳು. ಆ ಏಳರಲ್ಲಿ ದ್ಯೂತವೇ ಮೊದಲನೆಯದು. ಆದರೆ ಅರಿಯದ ಆಟವನ್ನು ನಿಂದಿಸುವುದು ಸಲ್ಲದೆಂದು, ಹೊತ್ತು ಮುಳುಗುವ ಮುನ್ನ ಊಟ ಮುಗಿಸಿ, ಹುಣಿಸೆ ಬೀಜಗಳನ್ನು ಪಣವಾಗಿಟ್ಟುಕೊಂಡು ಅವನೆದುರು ಕುಳಿತೆ.

"ಮಾವ, ನಿಮ್ಮ ಸರದಿಯವರೆಗೆ ಯಾರೂ ಪಣವೊಡ್ಡಿರದಿದ್ದರೆ ಬೆಟ್ ಮಾಡಬಹುದು, ಇಲ್ಲವೇ ಚೆಕ್ ಎನ್ನಬಹುದು. ಚೆಕ್ ಎಂದರೆ ಏನನ್ನೂ ತೆರದೆ ಆಟದಲ್ಲಿ ಉಳಿಯುವುದು. ಇನ್ನೊಬ್ಬರು ಬೆಟ್ ಮಾಡಿದ ಮೇಲೆ ಆ ಅವಕಾಶವಿಲ್ಲ."

ಅವನ ಸೂತ್ರ ಸರಳವಾಗಿತ್ತು. ನಮಗಿಂತ ದುರ್ಬಲ ಎಲೆಯವನು ಹಣ ಹಾಕಿ ಉಳಿಯುವಂತಿದ್ದರೆ ಬೆಟ್. ಪ್ರಬಲ ಎಲೆಯವನು ಅಂಜಿ ಬಿಟ್ಟುಕೊಡುವಂತಿದ್ದರೂ ಬೆಟ್. ದುರ್ಬಲನು ತೊಲಗಿ ಪ್ರಬಲನಷ್ಟೇ ಉಳಿಯುವಂತಿದ್ದರೆ ಚೆಕ್. ನಡುವೆ 100 ಬೀಜಗಳಿರುವಾಗ 50 ಹಾಕಿ ಬೆದರಿಸಿದರೆ, ಎದುರಾಳಿ ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚು ಬಿಟ್ಟುಕೊಟ್ಟಾಗ ಮಾತ್ರ ಲಾಭ. ಈ ತರ್ಕದಲ್ಲಿ ನನಗೆ ದೋಷ ಕಾಣಲಿಲ್ಲ.

"ಇದು ಕೌಶಲದ ಆಟ" ಎಂದ. ಕೌಶಲವೋ ಅದೃಷ್ಟವೋ ಎಂಬ ಚರ್ಚೆ ಕರ್ನಾಟಕ ಹೈಕೋರ್ಟಿನಲ್ಲೂ ನಡೆದು, 2021ರ ಪೊಲೀಸ್ ಕಾಯಿದೆ ತಿದ್ದುಪಡಿಯ ಮುಖ್ಯ ಭಾಗಗಳು 2022ರ ಫೆಬ್ರವರಿಯಲ್ಲಿ ರದ್ದಾದವು. 2025ರ ಕೇಂದ್ರ ಕಾಯಿದೆಯಾದರೋ ಹಣದ ಆನ್‌ಲೈನ್ ಆಟಗಳ ಮಟ್ಟಿಗೆ ಆ ಭೇದವನ್ನೇ ಎಣಿಸಲಿಲ್ಲ. ಶ್ರಾವಕಾಚಾರದ ಪ್ರಶ್ನೆ ಬೇರೆ: ಮನಸ್ಸು ಎಲ್ಲಿ ನಿಲ್ಲಬಲ್ಲುದು?

ಪಂಪನ ವಿಕ್ರಮಾರ್ಜುನವಿಜಯದ ನೆತ್ತದ ಪ್ರಸಂಗವನ್ನು ಪಾಠ ಮಾಡುವಾಗ ನನ್ನ ಗಮನವೆಲ್ಲ ಶಕುನಿಯ ಕಪಟದ ಮೇಲಿರುತ್ತಿತ್ತು. ಧರ್ಮರಾಯನಿಗೆ ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ನಿಲ್ಲುವ ಎಡೆಯಿತ್ತೆಂಬುದು ಆ ಸಂಜೆಯೇ ಹೊಳೆದದ್ದು. ಕರೆದರೆ ಹಿಂದೆಗೆಯೆನೆಂಬುದನ್ನು ವ್ಯಾಸಭಾರತದ ಯುಧಿಷ್ಠಿರನು ವ್ರತವೆಂದೇ ಹೇಳಿಕೊಳ್ಳುತ್ತಾನೆ. ನಮ್ಮ ಪರಿಗ್ರಹಪರಿಮಾಣ ವ್ರತ ಇದಕ್ಕೆ ತೀರ ವಿರುದ್ಧ: ಆಸೆ ಕೆರಳುವ ಮೊದಲೇ ಮಿತಿಯನ್ನು ನಿಶ್ಚಯಿಸುವುದು.

"ಸೋಲುತ್ತಿರುವಾಗಲೂ ಚೆಕ್ ಎನ್ನಬಲ್ಲೆಯಾ?" ಎಂದು ಕೇಳಿದೆ. ಅವನು ಬಹಳ ಹೊತ್ತು ಬೀಜಗಳನ್ನು ಎಣಿಸುತ್ತಿದ್ದ. ಆಮೇಲೆ, ಕಾಲೇಜಿನ ಶುಲ್ಕಕ್ಕೆಂದು ಅಮ್ಮ ಕೊಟ್ಟಿದ್ದ ಹಣ ಎರಡು ಶನಿವಾರಗಳಲ್ಲಿ ಹೋಯಿತೆಂದ. ಮೊದಲ ಶನಿವಾರ ಸೋತದ್ದನ್ನು ಮರಳಿ ಪಡೆಯಲೆಂದೇ ಎರಡನೆಯ ಶನಿವಾರ ಕುಳಿತಿದ್ದನಂತೆ. ಅಲ್ಲಿ ಯಾವ ಶಕುನಿಯೂ ಇರಲಿಲ್ಲ. ಗೆಳೆಯರೆಲ್ಲ ನ್ಯಾಯವಾಗಿಯೇ ಆಡಿದ್ದರು.

ನಾನು ಉಪನ್ಯಾಸ ಕೊಡಲಿಲ್ಲ. ಶುಲ್ಕವನ್ನು ಕಟ್ಟಿದೆ, ತಾಯಿಗೆ ತಾನೇ ಹೇಳಬೇಕೆಂಬ ಒಂದೇ ಕರಾರು ಹಾಕಿದೆ. ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಅಡುಗೆಮನೆಯಲ್ಲಿ ಅವರಿಬ್ಬರೂ ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು.