ಕಾಮಸಮುದ್ರದ ಬಾವಿ ಮೀನು

ಕೆಜಿಎಫ್, ಬಂಗಾರಪೇಟೆ ಕಡೆ ಬಿಎಸ್ಸಿ ಪ್ರಾಣಿಶಾಸ್ತ್ರ ಓದುತ್ತಿರುವ ಮಕ್ಕಳಿಗೆ ಇದೊಂದು ಸಂಗತಿ ಗೊತ್ತಿರಬೇಕು ಅನಿಸುತ್ತದೆ. ಮಲೇರಿಯಾ ಸಂಶೋಧನೆಯಲ್ಲಿ ನಿಮ್ಮ ಪಕ್ಕದ ಕಾಮಸಮುದ್ರದ ಹೆಸರಿದೆ!

ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಘಟಕದ ಎಸ್.ಕೆ. ಘೋಷ್ ಮತ್ತು ಸಂಗಡಿಗರು ಆ ಭಾಗದ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟರು. ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸೀಸ್ ಸೊಳ್ಳೆ ಮೊಟ್ಟೆಯಿಡುತ್ತಿದ್ದುದು ಆ ಬಾವಿಗಳಲ್ಲೇ. ಮರಿಗಳನ್ನು ಮೀನು ತಿಂದುಹಾಕಿತು, ಮಲೇರಿಯಾ ಇಳಿಯಿತು. ರೇಷ್ಮೆಹುಳು ಸಾಕುವ ಮನೆಯಲ್ಲಿ ಕೀಟನಾಶಕ ಹೊಡೆಯುವಂತಿಲ್ಲವಲ್ಲ, ಹಾಗಾಗಿ ನಮ್ಮ ಕೋಲಾರ ಜಿಲ್ಲೆಗೆ ಹೇಳಿ ಮಾಡಿಸಿದ ಉಪಾಯ. 2005ರಲ್ಲಿ ಈ ಅಧ್ಯಯನ ಬ್ರಿಟನ್ನಿನ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮಲೇರಿಯಾದಂಥ ರೋಗ ತರುವ ಪರಾವಲಂಬಿ ಜೀವಿಗಳ ಅಧ್ಯಯನಕ್ಕೆ ಮೈಕ್ರೋಸ್ಕೋಪ್ ಒಂದೇ ಸಾಲದು. ಬಾವಿ, ಕೆರೆ, ದನದ ಕೊಟ್ಟಿಗೆಯ ತಿಳಿವಳಿಕೆಯೂ ಬೇಕು. ಅದು ಹಳ್ಳಿಯಲ್ಲಿ ಬೆಳೆದವರಿಗೇ ಹೆಚ್ಚು. ಇನ್ನು ಲ್ಯಾಬ್ ಕೆಲಸವೇ ಇಷ್ಟವೆಂದರೆ, ಮಲೇರಿಯಾ ಜೀವಿ ತನಗೆ ಬೇಕಾದ ಹೀಮ್ ಎಂಬ ಕಬ್ಬಿಣಯುಕ್ತ ಅಣುವನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು 1992ರಲ್ಲಿ ತೋರಿಸಿದವರು ಬೆಂಗಳೂರಿನ ಐಐಎಸ್ಸಿಯ ನಮಿತಾ ಸುರೋಲಿಯಾ ಮತ್ತು ಜಿ. ಪದ್ಮನಾಭನ್. ಮಾರಿಕುಪ್ಪಂ ರೈಲು ಹತ್ತಿದರೆ ತಲುಪುವ ಊರು ಅದು.

ಇಂಥ ಸಂಶೋಧನೆಗೆ ಬರಬೇಕೆಂದರೆ ಎಂಎಸ್ಸಿ ಓದಿ, ನೆಟ್ ಪರೀಕ್ಷೆ ಬರೆಯಿರಿ. ಜೆಆರ್‌ಎಫ್ ಸಿಕ್ಕರೆ ಪಿಎಚ್‌ಡಿಗೆ ತಿಂಗಳ ಫೆಲೋಶಿಪ್ ಬರುತ್ತದೆ. ಅಪ್ಪ ಅಮ್ಮಂದಿರೇ, ಮಕ್ಕಳು ಈ ದಾರಿ ಹಿಡಿಯುತ್ತೇನೆಂದರೆ ದಯವಿಟ್ಟು ತಡೆಯಬೇಡಿ.