ಪಂಜರವೆಂಬ ಬಂಧ

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಮೊದಲು ಹೆಸರಿಸುವುದು ಬಂಧವನ್ನು. ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳು ಅದರ ಹಿಂದೆ ಬರುತ್ತವೆ. ರಾತ್ರಿಭೋಜನವನ್ನು ತ್ಯಜಿಸಿ, ನೀರನ್ನು ಸೋಸಿ ಕುಡಿಯುವ ಶ್ರಾವಕನ ಜಗಲಿಯಲ್ಲಿಯೂ ಒಮ್ಮೊಮ್ಮೆ ಗಿಳಿಯ ಪಂಜರ ತೂಗುತ್ತಿರುವುದು ವಿಚಿತ್ರವೇ ಸರಿ.

ಗಂಡಿನ ಕೊರಳಲ್ಲಿ ಗುಲಾಬಿ ಪಟ್ಟಿ ಮೂಡುವ ಈ ನಾಡಿನ ಸಾಮಾನ್ಯ ಗಿಳಿ ಹಳೆಯ ಮರಗಳ ಪೊಟರೆಗಳಲ್ಲಿ ಮೊಟ್ಟೆಯಿಡುತ್ತದೆ. ಬಹುಮಟ್ಟಿಗೆ ಮರಕುಟಿಗ ಬಿಟ್ಟುಹೋದ ಕುಳಿಗಳನ್ನೇ ಅದು ನೆಚ್ಚಿಕೊಂಡಿದೆ. ಗರಿ ಬಲಿಯದ ಮರಿಗಳನ್ನು ಕೀಳುವವರು ಪೊಟರೆಯ ಬಾಯನ್ನೇ ಕಡಿದು ಅಗಲಿಸಿದರೆ ಮುಂದಿನ ವರ್ಷದ ಸಂತಾನಕ್ಕೂ ಎಡೆಯಿಲ್ಲ. ಬುಟ್ಟಿಗಳಲ್ಲಿ ಸಾಗಿಸುವಾಗ ಸತ್ತ ಮರಿಗಳು ಕೊಳ್ಳುವವನ ಕಣ್ಣಿಗೆ ಬೀಳುವುದಿಲ್ಲ.

ಮನೆಗೆ ಬಂದ ಗಿಳಿಯ ರೆಕ್ಕೆಯ ಗರಿಗಳನ್ನು ಕತ್ತರಿಸುತ್ತಾರೆ. ಗರಿ ಮತ್ತೆ ಬೆಳೆಯುತ್ತದೆ, ನೋವಿಲ್ಲ ಎಂಬ ಸಮಾಧಾನವೂ ಇದೆ. ಹಾರಲೆಂದೇ ಹುಟ್ಟಿದ ಜೀವಕ್ಕೆ ಅದು ಛೇದವಲ್ಲದೆ ಮತ್ತೇನು? ಬಟ್ಟಲು ತುಂಬಿದ್ದರೂ ಅನ್ನಪಾನನಿರೋಧ ಸಂಭವಿಸಬಹುದು. ಬರಿಯ ಸೂರ್ಯಕಾಂತಿ ಬೀಜವನ್ನೇ ತಿಂದ ಗಿಳಿಗೆ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ, ಎ ಜೀವಸತ್ವದ ಕೊರತೆಯಾಗುತ್ತದೆ. ಗುಂಪಿನಲ್ಲಿ ಬಾಳುವ ಈ ಹಕ್ಕಿ ಒಂಟಿತನದಲ್ಲಿ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದೂ ಉಂಟು. ಅದು ಮನುಷ್ಯರ ಮಾತನ್ನು ಕಲಿಯುವುದು ಕುಲದ ದನಿ ಕೇಳದ ಕಡೆಯಲ್ಲಿ. ಮನೆಯವರು ಅದನ್ನು ಪ್ರೀತಿಯೆಂದು ತಿಳಿದು ಹಿಗ್ಗುತ್ತಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ದೇಶದ ಕಾಡುಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಆದರೂ ವ್ಯಾಪಾರ ನಿಂತಿಲ್ಲ. ಅದಕ್ಕೆ ಜೀವದಯೆಯೂ ನೆರವಾಗುತ್ತಿರುವುದು ನೋವಿನ ಸಂಗತಿ. ಪರ್ವದಿನಗಳಲ್ಲಿ ಪುಣ್ಯಕ್ಕೆಂದು ಹಕ್ಕಿಗಳನ್ನು ಕೊಂಡು ಬಿಡಿಸುವವನ ಹಣವೂ ಸಾಕುವವನ ಹಣವೂ ಬೇಟೆಗಾರನಿಗೆ ಒಂದೇ. ಎರಡೂ ಮುಂದಿನ ಬಲೆಯ ಬೆಲೆ.

ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆ ಇನ್ನೊಂದು ದಾರಿ ಹಿಡಿದಿದೆ. ಗಾಯಗೊಂಡ ಹಕ್ಕಿಗೆ ಅಲ್ಲಿ ಉಚಿತ ಚಿಕಿತ್ಸೆ. ಗುಣವಾದದ್ದನ್ನು ತಂದವರಿಗೆ ಒಪ್ಪಿಸದೆ ಆಕಾಶಕ್ಕೆ ಬಿಡುವುದು ಅಲ್ಲಿಯ ಪದ್ಧತಿ. ಹಾಗೆಂದು ವರ್ಷಗಟ್ಟಲೆ ಪಂಜರದಲ್ಲಿದ್ದ ಗಿಳಿಯನ್ನು ಇಂದೇ ಬಾಗಿಲು ತೆರೆದು ಹಾರಿಬಿಡುವುದೂ ಕರುಣೆಯಲ್ಲ. ಮೇವು ಹುಡುಕಲು ಅರಿಯದ, ರೆಕ್ಕೆಯ ಬಲ ಕಳೆದುಕೊಂಡ ಅದು ಕಾಗೆಗೋ ಬೆಕ್ಕಿಗೋ ಆಹಾರವಾದೀತು. ಅರಣ್ಯ ಇಲಾಖೆಗೆ ತಿಳಿಸಿ, ಪಶುವೈದ್ಯರಿಗೆ ತೋರಿಸಿ, ಸ್ವಜಾತಿಯ ಜೊತೆಯಿರುವ ವಿಶಾಲ ಪಕ್ಷಿಗೃಹದಲ್ಲಿ ಹಾರಾಟವನ್ನು ಮರಳಿ ಕಲಿಸಬೇಕಾಗುತ್ತದೆ. ಹಾರಲಾರದವನ್ನು ಕೊನೆಯವರೆಗೂ ಸಲಹಬೇಕು.

ಬಸದಿಗಳ ಟ್ರಸ್ಟುಗಳ ಮುಂದೆ ಇದಕ್ಕಿಂತ ಸುಲಭವಾದ ಕೆಲಸವೊಂದಿದೆ. ಕಲ್ಯಾಣಮಂಟಪಕ್ಕೆ ಜಾಗ ಸಾಲದೆಂದು ಆವರಣದ ಹಳೆಯ ಮರಕ್ಕೆ ಕೊಡಲಿ ಹಾಕುವ ಮೊದಲು, ಅದರ ಪೊಟರೆಗಳಲ್ಲಿ ಯಾರು ವಾಸವಾಗಿದ್ದಾರೆಂದು ಒಂದು ಬೆಳಗ್ಗೆ ನಿಂತು ನೋಡಬಹುದು.